ಕಥೆಯ ಕ್ಲೈಮ್ಯಾಕ್ಸ್ ಬರೆಸುವುದು ಹೇಗೆ? ಕೊಡಗಿನ ಕನ್ನಡ ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿಭಾ ಕಾರಂಜಿ ಹತ್ತಿರ ಬಂದಾಗ, ಶಾಲೆಯ ಕೈಬರಹದ ಪತ್ರಿಕೆ ಕಟ್ಟುವಾಗ ಈ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಉತ್ತರಗಳು ಹೈಸ್ಕೂಲಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದವು. ಆರು, ಏಳನೇ ತರಗತಿಗೆ ಮೊದಲೆರಡು ಉತ್ತರಗಳಷ್ಟೇ ಸಾಕು.

ಕ್ಲೈಮ್ಯಾಕ್ಸ್ ಅಂದರೆ ಏನು ಅಂತ ಎಂಟನೇ ತರಗತಿಯವರಿಗೆ ಹೇಗೆ ತಿಳಿಸುವುದು?

ವ್ಯಾಖ್ಯೆ ಬರೆಸಬೇಡಿ. ಪುಣ್ಯಕೋಟಿಯ ಹಾಡು ಎಲ್ಲರಿಗೂ ಬಾಯಿಗೆ ಬರುತ್ತದೆ, ಅದನ್ನೇ ಹಿಡಿದುಕೊಳ್ಳಿ. "ಇದರಲ್ಲಿ ಎದೆ ಹಿಂಡುವ ಜಾಗ ಯಾವುದು?" ಅಂತ ಕೇಳಿದರೆ ಹೆಚ್ಚಿನವರು ಹುಲಿ ಹಾರಿ ಪ್ರಾಣ ಬಿಡುವ ಜಾಗ ಅನ್ನುತ್ತಾರೆ. ಒಂದಿಬ್ಬರು ಮಾತ್ರ ದೊಡ್ಡಿಯ ಕಡೆ ಬೆರಳು ತೋರಿಸುತ್ತಾರೆ: ಹಸು ಕರುವಿಗೆ ಕೊನೆಯ ಸಲ ಹಾಲೂಡಿಸಿ, ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೊರಡುವ ಜಾಗ. ನಾನು ಆ ಒಂದಿಬ್ಬರ ಪಕ್ಷ. ದೊಡ್ಡಿಯಲ್ಲಿ ಹಸುವಿಗೆ ಎರಡು ದಾರಿ ಇದೆ. ಉಳಿದುಬಿಟ್ಟರೆ ಕೇಳುವವರಿಲ್ಲ, ಕರು ತಬ್ಬಲಿಯಾಗುವುದಿಲ್ಲ. ಹೋದರೆ ಮಾತು ಉಳಿಯುತ್ತದೆ, ಜೀವ ಹೋಗುತ್ತದೆ. ಅದು ಹೋಗುತ್ತದೆ. ಹುಲಿ ಹಾರುವುದು ಆ ನಿರ್ಧಾರದ ಫಲ.

ಇಷ್ಟು ಮಾತಾಡಿದ ಮೇಲೆ ಬೋರ್ಡಿನ ಮೇಲೆ ಒಂದೇ ಸಾಲು ಬರೆಯಿರಿ: ಪಾತ್ರಕ್ಕೆ ತುಂಬಾ ಬೇಕಾದ ಎರಡು ಸಂಗತಿಗಳು ಎದುರುಬದುರು ನಿಂತು, ಒಂದನ್ನು ಕೈಬಿಟ್ಟೇ ಇನ್ನೊಂದನ್ನು ಹಿಡಿಯಬೇಕಾದ ಗಳಿಗೆ. ಹುಲಿ ಪಕ್ಷ, ಹಸು ಪಕ್ಷ ಅಂತ ತರಗತಿ ಇಬ್ಭಾಗವಾಗಿ ಜಗಳಕ್ಕೆ ಬಿದ್ದರೆ ತಡೆಯಬೇಡಿ, ಪಾಠ ನಡೆಯುತ್ತಿದೆ ಅಂತಲೇ ಅರ್ಥ.

ಯಾವ ಕಥೆ ಕೊಟ್ಟರೂ ಕೊನೆಗೆ ಯಾರನ್ನಾದರೂ ಸಾಯಿಸುತ್ತಾರೆ. ಏನು ಮಾಡಲಿ?

ಅಜ್ಜಿ ಸಾಯುತ್ತಾಳೆ, ನಾಯಿ ಸಾಯುತ್ತದೆ, ಜೀಪು ಕಂದಕಕ್ಕೆ ಉರುಳುತ್ತದೆ. ಸಿದ್ದಾಪುರ, ತಿತಿಮತಿ ಕಡೆಯ ಶಾಲೆಯಾದರೆ ಆನೆ ಬಂದು ತುಳಿಯುತ್ತದೆ. ಅಲ್ಲಿನ ಮಕ್ಕಳು ಆನೆಯನ್ನು ಸಿನಿಮಾದಲ್ಲಿ ನೋಡಿ ಬರೆಯುತ್ತಿಲ್ಲ. ಬೆಳಗ್ಗೆ ಬಸ್ಸಿಗೆ ನಡೆದು ಬರುವ ದಾರಿಯಲ್ಲೇ ಲದ್ದಿ ಬಿದ್ದಿರುತ್ತದೆ. ಹಾಗಾಗಿ ಆನೆ ಬೇಡ ಅನ್ನುವುದು ತಪ್ಪು. ತೊಂದರೆ ಬೇರೆ ಕಡೆ ಇದೆ. ಕೊನೆಯ ಪುಟದಲ್ಲಿ ಎಲ್ಲಿಂದಲೋ ಬಂದ ಆನೆ ಕಥೆಯನ್ನು ಮುಗಿಸಿಬಿಟ್ಟರೆ ಪಾತ್ರಕ್ಕೆ ಮಾಡಲು ಏನೂ ಉಳಿಯುವುದಿಲ್ಲ, ಬರೆಯುವ ಮಗುವಿಗೂ ಯೋಚಿಸಲು ಏನೂ ಉಳಿಯುವುದಿಲ್ಲ.

ನನ್ನ ಉಪಾಯ ಸರಳ. ಈ ಟರ್ಮ್ ಮುಗಿಯುವವರೆಗೆ ಕಥೆಯಲ್ಲಿ ಯಾರೂ ಸಾಯುವಂತಿಲ್ಲ. ಆನೆ ಬರಲೇಬೇಕು ಅಂದರೆ ಮೊದಲ ಪುಟದಲ್ಲೇ ಬರಲಿ. ರಾತ್ರಿ ಆನೆ ನುಗ್ಗಿ ಬಾಳೆ, ಅಡಿಕೆ ಎಲ್ಲ ಮಲಗಿಸಿಬಿಟ್ಟಿದೆ, ಅಪ್ಪ ತೋಟ ಮಾರುತ್ತೇನೆ ಅನ್ನುತ್ತಿದ್ದಾರೆ, ಅಣ್ಣ ಬೆಂಗಳೂರಿನ ಕೆಲಸದಿಂದ ರಜೆ ಹಾಕಿ ಬಂದಿದ್ದಾನೆ. ಈಗ ಮನುಷ್ಯರು ಏನು ಮಾಡುತ್ತಾರೆ ಅನ್ನುವುದು ಕಥೆ. ಸಾವಿನ ಬಾಗಿಲು ಮುಚ್ಚಿದ ಮೇಲೆ ಮಕ್ಕಳು ಬೇರೆ ಬಾಗಿಲುಗಳನ್ನು ತಾವೇ ಹುಡುಕಿಕೊಳ್ಳುತ್ತಾರೆ. ಐನ್‌ಮನೆಯ (ಕುಟುಂಬದ ಮೂಲಮನೆಯ) ಪಾಲು, ಬೀಳುಬಿಟ್ಟ ಗದ್ದೆ, ಕುಯ್ಲು ಮುಗಿದು ಊರಿಗೆ ಹೊರಟ ಗೆಳೆಯ, ಹುತ್ತರಿ ಸುಗ್ಗಿಹಬ್ಬಕ್ಕೆ ಬಾರದ ಚಿಕ್ಕಪ್ಪ. ಒಂದಕ್ಕಿಂತ ಒಂದು ಹೆಚ್ಚು ನೋಯಿಸುವ ವಿಷಯಗಳೇ.

ಯೋಜನೆ ಎಲ್ಲಿಂದ ಶುರು ಮಾಡಿಸಬೇಕು?

ಕೊನೆಯಿಂದ. ಮೊದಲು ಕ್ಲೈಮ್ಯಾಕ್ಸಿನ ಗಳಿಗೆ, ಆಮೇಲೆ ಅಲ್ಲಿಗೆ ತಲುಪುವ ದಾರಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಪ್ರಶ್ನೆ ಬರೆಸಿ. ತರಗತಿಯಲ್ಲಿ ನಾನು ಬಳಸುವ ಕಟ್ಟುಕಥೆಯೊಂದನ್ನು ಇಟ್ಟುಕೊಂಡೇ ಹೇಳುತ್ತೇನೆ.

ಜನವರಿ ತಿಂಗಳು, ರೋಬಸ್ಟಾ ಕಾಫಿಯ ಕುಯ್ಲು. ಲತಾ ಒಂಬತ್ತನೇ ತರಗತಿ, ತೋಟದ ಕೆಲಸದವರ ಲೈನ್ ಮನೆಯಲ್ಲಿ ವಾಸ. ಅವಳ ಅಮ್ಮ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ಯುತ್ತಾಳೆ. ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಕಡಿಮೆ ಬರೆದುಕೊಳ್ಳುತ್ತಿರುವುದು ಲತಾಳ ಕಣ್ಣಿಗೆ ಬೀಳುತ್ತದೆ. ರೈಟರ್ ಮಗಳು ಪ್ರೀತಿ ಅವಳ ಪ್ರಾಣಸ್ನೇಹಿತೆ.

ಮೊದಲ ಪ್ರಶ್ನೆ: ಆ ಗಳಿಗೆಯಲ್ಲಿ ಪಾತ್ರ ಏನು ಮಾಡುತ್ತದೆ? ಉತ್ತರ ಒಂದೇ ವಾಕ್ಯ, ಅದರಲ್ಲಿ ಕೈಯ ಕೆಲಸವೋ ಬಾಯಿಯ ಮಾತೋ ಇರಬೇಕು. "ಲತಾ ನೊಂದುಕೊಳ್ಳುತ್ತಾಳೆ" ನಡೆಯುವುದಿಲ್ಲ. "ಲತಾ ರೈಟರಿಗೆ ಇನ್ನೊಂದು ಸಲ ತೂಗಿ ಅನ್ನುತ್ತಾಳೆ" ನಡೆಯುತ್ತದೆ.

ಎರಡನೆಯದು: ಹಾಗೆ ಮಾಡಿದ್ದರಿಂದ ಏನು ಕಳೆದುಕೊಳ್ಳುತ್ತಾಳೆ? ಪ್ರೀತಿಯ ಸ್ನೇಹ, ಬಹುಶಃ ಅಮ್ಮನ ಕೆಲಸ. ಇದನ್ನು ಮಕ್ಕಳು ಬೇಗ ಬರೆಯುತ್ತಾರೆ.

ಮೂರನೆಯದು: ಮಾಡದೆ ಸುಮ್ಮನಿದ್ದರೆ ಏನು ಕಳೆದುಕೊಳ್ಳುತ್ತಾಳೆ? ಇಲ್ಲಿ ಪೆನ್ನು ನಿಲ್ಲುತ್ತದೆ. "ದುಡ್ಡು" ಅಂತ ಬರೆದು ಮುಂದೆ ಹೋಗಲು ನೋಡುತ್ತಾರೆ. ಬಿಡಬೇಡಿ. ಎಂಟು ಕೆ.ಜಿ. ಹಣ್ಣಿನ ಕೂಲಿಗಾಗಿ ಪ್ರಾಣಸ್ನೇಹಿತೆಯನ್ನು ಯಾರು ಬಿಡುತ್ತಾರೆ? ಇನ್ನೇನೋ ಇರಬೇಕು. ಒಂದು ಮಗು ಹೇಳೀತು, ಅಮ್ಮನಿಗೆ ಅಂಕೆ ಓದಲು ಬರುವುದಿಲ್ಲ, ಮಗಳು ಓದುತ್ತಾಳಲ್ಲ ಅನ್ನುವ ಧೈರ್ಯದ ಮೇಲೆ ಬದುಕುತ್ತಿದ್ದಾಳೆ ಅಂತ. ಈಗ ಸುಮ್ಮನಿದ್ದರೆ ಲತಾ ಕಳೆದುಕೊಳ್ಳುವುದು ತನ್ನ ಓದಿನ ಅರ್ಥವನ್ನೇ. ಎರಡೂ ಕಡೆಯ ಬೆಲೆ ಸಮ ತೂಗಿದಾಗ ದೃಶ್ಯಕ್ಕೆ ಜೀವ ಬರುತ್ತದೆ. ಇಡೀ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಈ ಮೂರನೇ ಪ್ರಶ್ನೆಗೇ.

ನಾಲ್ಕನೆಯದು: ಇದು ಓದುವವರಿಗೆ ನಾಟಬೇಕಾದರೆ ಅವರಿಗೆ ಮೊದಲೇ ಏನೇನು ಗೊತ್ತಿರಬೇಕು? ಅಮ್ಮನಿಗೆ ಓದು ಬಾರದು ಅನ್ನುವುದು ತೂಕದ ಹೊತ್ತಿನಲ್ಲಿ ಹೇಳಿದರೆ ತಡವಾಯಿತು. ಅದನ್ನು ಮೊದಲ ಪುಟದಲ್ಲಿ, ನಗುವ ಹಾಗೆ ತಂದುಬಿಡಿ. ಕುಶಾಲನಗರದ ಸಂತೆಗೆಂದು ಹೊರಟ ಅಮ್ಮ ವಿರಾಜಪೇಟೆಯ ಬಸ್ಸು ಹತ್ತಲು ಹೋಗುತ್ತಾಳೆ, ಲತಾ ಸೆರಗು ಹಿಡಿದು ಎಳೆಯುತ್ತಾಳೆ. ಪ್ರೀತಿಯ ಸ್ನೇಹವನ್ನೂ ಹೊಗಳಿ ಹೇಳಬೇಕಿಲ್ಲ. ಲತಾ ಹಾಕಿಕೊಂಡಿರುವ ಸ್ವೆಟರ್ ಪ್ರೀತಿ ಕೊಟ್ಟದ್ದು ಅಂತ ಒಂದು ಕಡೆ ಬಂದರೆ ಸಾಕು. ಜನವರಿಯ ಸಂಜೆ ಇಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ, ತೂಕದ ಜಾಗದಲ್ಲೂ ಅದು ಅವಳ ಮೈಮೇಲೆ ಇದ್ದೇ ಇರುತ್ತದೆ.

"ತುಂಬಾ ದುಃಖವಾಯಿತು" ಅನ್ನುವುದನ್ನು ಬಿಡಿಸುವುದು ಹೇಗೆ?

ಮಗು ಬರೆಯುವ ಮೊದಲ ಪ್ರತಿ ಹೀಗಿರುತ್ತದೆ: "ಲತಾಳಿಗೆ ತುಂಬಾ ದುಃಖವಾಯಿತು. ಕಣ್ಣೀರು ಧಾರಾಕಾರವಾಗಿ ಸುರಿಯಿತು. ಅವಳ ಹೃದಯ ಒಡೆದು ಚೂರುಚೂರಾಯಿತು."

ಇದಕ್ಕೆ ಮದ್ದು ನಮ್ಮ ಕಾವ್ಯಮೀಮಾಂಸೆಯಲ್ಲೇ ಇದೆ. ಭಾವದ ಹೆಸರನ್ನು ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ರಸ ಹುಟ್ಟುವುದಿಲ್ಲ ಅನ್ನುವುದು ಆನಂದವರ್ಧನನ ವಾದ. ಹೈಸ್ಕೂಲಿಗೆ ಅದಕ್ಕಿಂತಲೂ ಕೆಲಸಕ್ಕೆ ಬರುವುದು ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳು, ಅಂದರೆ ಮನಸ್ಸು ಕಲಕಿದಾಗ ಮೈ ತಾನಾಗಿ ತೋರಿಸುವ ಗುರುತುಗಳು: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಸಂಸ್ಕೃತದ ಹೆಸರು ಬಾಯಿಪಾಠ ಮಾಡಿಸಬೇಕಿಲ್ಲ. ಕಲ್ಲಿನಂತೆ ನಿಂತುಬಿಡುವುದು, ಬೆವರುವುದು, ಮೈ ಜುಮ್ಮೆನ್ನುವುದು, ದನಿ ಕಟ್ಟುವುದು, ನಡುಗುವುದು, ಮುಖದ ಬಣ್ಣ ಇಳಿಯುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು ಅಂತ ಗೋಡೆಗೆ ಬರೆದು ಅಂಟಿಸಿ. ಎಂಟರಲ್ಲಿ ಕಣ್ಣೀರು ಒಂದು. ನಮ್ಮ ಮಕ್ಕಳು ಆ ಒಂದನ್ನೇ ತೇಯುತ್ತಿದ್ದಾರೆ, ಧಾರಾವಾಹಿಯವರು ಎಂಟನೆಯದನ್ನು. ಉಳಿದ ಆರು ಹಾಗೇ ಬಿದ್ದಿವೆ.

ಇನ್ನೊಂದು ಷರತ್ತು ಹಾಕಿ: ಕ್ಲೈಮ್ಯಾಕ್ಸಿನಲ್ಲಿ ಪಾತ್ರದ ಕೈಗೆ ಏನಾದರೂ ಕೆಲಸ ಇರಬೇಕು. ಆಗ ದೃಶ್ಯ ಹೀಗೆ ತಿರುಗಬಹುದು:

"‘ಮೂವತ್ತೆಂಟು’ ಅಂದರು ರೈಟರ್. ಮುಳ್ಳು ನಲವತ್ತಾರರ ಮೇಲಿತ್ತು. ಅಮ್ಮ ಮುಂದಿನ ಚೀಲ ಎಳೆಯಲು ಬಗ್ಗಿದಳು. ಲತಾ ಸ್ವೆಟರಿನ ತೋಳನ್ನು ಮೊಣಕೈವರೆಗೆ ಎಳೆದುಕೊಂಡಳು, ಮತ್ತೆ ಇಳಿಸಿದಳು. ಜೀಪಿನ ಹತ್ತಿರ ಪ್ರೀತಿ ನಿಂತು ಕೈ ಬೀಸುತ್ತಿದ್ದಳು. ‘ಇನ್ನೊಂದು ಸಲ ತೂಗಿ’ ಅಂದಳು ಲತಾ. ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಅಂದಳು."

ದುಃಖ, ಭಯ, ಋಣ ಯಾವ ಮಾತೂ ಇಲ್ಲಿಲ್ಲ. ಸ್ವೆಟರ್ ಇದೆ, ಕಟ್ಟಿದ ದನಿ ಇದೆ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಓದಿ ತೋರಿಸಿ, ವಿವರಣೆ ಕೊಡಬೇಡಿ.

ದುಃಖದ ದೃಶ್ಯದಲ್ಲಿ ಮಳೆ ಬರಿಸಬಹುದೇ?

ಮಡಿಕೇರಿಯಲ್ಲಿ ಕೂತು ಕೇಳುವ ಪ್ರಶ್ನೆಯೇ ಇದು? ಜೂನ್ ಹಿಡಿದರೆ ಇಲ್ಲಿ ಮಳೆ ಯಾರ ದುಃಖಕ್ಕೂ ಕಾಯುವುದಿಲ್ಲ, ಮದುವೆಗೂ ಬರುತ್ತದೆ. ಬಟ್ಟೆ ಒಣಗಲಿಲ್ಲ ಅನ್ನುವ ಮಟ್ಟದಲ್ಲಿ ಮಳೆ ಇದ್ದರೆ ಇರಲಿ. ಆದರೆ ಮಾರ್ಚ್, ಏಪ್ರಿಲ್ಲಿನಲ್ಲಿ ಕಾಫಿ ಗಿಡದ ಹೂ ಅರಳಿಸುವ ಹೂಮಳೆಯ ಮಾತು ಬೇರೆ. ವರ್ಷದ ಕಾಫಿ ಫಸಲು ಅದರ ಮೇಲೆ ನಿಂತಿದೆ. ಹೂಮಳೆಗೆ ಕಾದೂ ಕಾದು ಸೋತ ಅಪ್ಪ ಮಗಳ ಕಾಲೇಜಿನ ದುಡ್ಡು ಮುರಿದು ಸ್ಪ್ರಿಂಕ್ಲರಿಗೆ ಡೀಸೆಲ್ ತಂದ ರಾತ್ರಿಯೇ ತಗಡಿನ ಮೇಲೆ ಮೊದಲ ಹನಿ ಬಿದ್ದರೆ, ಆ ಮಳೆ ಕಥೆಯೊಳಗಿನದು.

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ ಆಡುವ ಮಕ್ಕಳು ಕನ್ನಡದಲ್ಲಿ ಭಾವ ತರಲು ಒದ್ದಾಡುತ್ತಾರೆ.

ಒದ್ದಾಡುವುದು ಭಾಷೆ ಬಾರದೆ ಅಲ್ಲ. ಅವರಿಗೆ ಬರುವ ಕನ್ನಡ ಪಠ್ಯಪುಸ್ತಕದ್ದು. ಹಾಗಾಗಿ ಲೈನ್ ಮನೆಯ ತಾಯಿ "ಮಗಳೇ, ನೀನು ಚಿಂತಿಸಬೇಡ, ಸತ್ಯಕ್ಕೆ ಸದಾ ಜಯವಿದೆ" ಅನ್ನುತ್ತಾಳೆ. ನಿರೂಪಣೆ ಕನ್ನಡದಲ್ಲಿರಲಿ, ಗಂಟಲಿನಿಂದ ನೇರವಾಗಿ ಬರುವ ಒಂದೆರಡು ಮಾತು ಮನೆಯ ಭಾಷೆಯಲ್ಲೇ ಬರಲಿ. ಕೊಡವ ಹುಡುಗ ತಾಯಿಯನ್ನು "ಅವ್ವಾ" ಅಂತ ಕರೆಯುವುದನ್ನು "ಅಮ್ಮಾ" ಅಂತ ತಿದ್ದಬೇಡಿ. ಸನ್ನಿವೇಶ ಗಟ್ಟಿಯಾಗಿದ್ದರೆ ಅರ್ಥ ತಾನಾಗಿ ತಿಳಿಯುತ್ತದೆ, ಕಂಸ ಹಾಕಿ ಅರ್ಥ ಕೊಡಿಸುವುದೂ ಬೇಡ.

ಇನ್ನೊಂದು. ಮನಸ್ಸು ತುಂಬಿ ಬಂದಾಗ ನಮ್ಮ ಜನ ಭಾಷಣ ಮಾಡುವುದಿಲ್ಲ, ಮಾತು ತಪ್ಪಿಸುತ್ತಾರೆ. ಊಟ ಆಯ್ತಾ ಅನ್ನುತ್ತಾರೆ, ಕೊಡೆ ತಗೊಂಡು ಹೋಗು ಅನ್ನುತ್ತಾರೆ. ಮಗನನ್ನು ಸೈನ್ಯಕ್ಕೆ ಕಳಿಸುವ ಅಪ್ಪ ಬಸ್ಸು ಹೊರಡುವಾಗ ಏನು ಹೇಳುತ್ತಾರೆ ಅಂತ ಕೇಳಿ ನೋಡಿ. ಸೈನಿಕರಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ, ಮಕ್ಕಳು ನಿಜವಾದ ಮಾತುಗಳನ್ನೇ ತರುತ್ತಾರೆ.

2018ರ ಭೂಕುಸಿತವನ್ನು ಕಥೆಯ ವಿಷಯವಾಗಿ ಕೊಡಬಹುದೇ?

ನೀವಾಗಿ ಕೊಡಬೇಡಿ. ಆ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬಟ್ಟಗೇರಿ, ಜೋಡುಪಾಲದ ಕಡೆ ಗುಡ್ಡ ಜರಿದಾಗ ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ ಇದ್ದವರು ಹೈಸ್ಕೂಲಿಗೆ ಬಂದಿದ್ದಾರೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ನಿಮ್ಮ ಮುಂದೆ ಕೂತ ಮಗು ಪರಿಹಾರ ಕೇಂದ್ರದಲ್ಲಿ ಮಲಗಿ ಎದ್ದಿರಬಹುದು, ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ ಕಟ್ಟಿಕೊಟ್ಟ ಹೊಸ ಮನೆಯಿಂದ ಶಾಲೆಗೆ ಬರುತ್ತಿರಬಹುದು. ನಲವತ್ತು ಜನರ ಎದುರು "ನಿನ್ನ ಜೀವನದ ಅತ್ಯಂತ ದುಃಖದ ಗಳಿಗೆ ಬರೆ" ಅನ್ನುವುದು ಕಥೆ ಕಲಿಸುವ ರೀತಿಯಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. "ನಿಜ ಅನುಭವ ಬರೆದರೆ ಚೆನ್ನಾಗಿ ಬರುತ್ತದೆ" ಅನ್ನುವ ಮಾತನ್ನು ತರಗತಿಯಲ್ಲಿ ಆಡುವುದೇ ಇಲ್ಲ.

ಮಗು ತಾನಾಗಿ ಆ ವಿಷಯ ಎತ್ತಿಕೊಂಡರೆ ತಡೆಯಬೇಡಿ. ಮೂರು ಸಹಾಯ ಮಾಡಬಹುದು. "ನಾನು" ಬಿಟ್ಟು ಬೇರೆ ಹೆಸರಿನ ಪಾತ್ರ ಇಟ್ಟುಕೊಳ್ಳಲು ಹೇಳಿ, ವಯಸ್ಸನ್ನೂ ಬದಲಿಸಲಿ, ಅಷ್ಟು ದೂರ ಸಿಕ್ಕರೂ ಕೈ ಹಗುರವಾಗುತ್ತದೆ. ಗುಡ್ಡ ಜಾರುವ ಗಳಿಗೆಯನ್ನು ಬಿಟ್ಟು ಆಮೇಲಿನದನ್ನು ಕ್ಲೈಮ್ಯಾಕ್ಸ್ ಮಾಡಿಕೊಳ್ಳಲು ಸೂಚಿಸಿ: ಕೆಸರಿನಲ್ಲಿ ಸಿಕ್ಕಿದ ಪಕ್ಕದ ಮನೆಯವರ ದಾಖಲೆಯ ಟ್ರಂಕು, ಅವರಿಗೂ ನಮಗೂ ಹತ್ತು ವರ್ಷದಿಂದ ಮಾತಿಲ್ಲ, ಈಗ ಯಾರು ಹೋಗಿ ಕೊಡುತ್ತಾರೆ? ಮೂರನೆಯದು, ಆ ಕಥೆಯನ್ನು ನೀವೊಬ್ಬರೇ ಓದುತ್ತೀರಿ ಅಂತ ಮಾತು ಕೊಡಿ, ಉಳಿಸಿಕೊಳ್ಳಿ.

ಬರೆದದ್ದರಲ್ಲಿ ಮಗು ಈಗಲೂ ನಿದ್ದೆಗೆಡುತ್ತಿದೆ, ಅಥವಾ ಮನೆಯಲ್ಲಿ ಯಾರೋ ಹಿಂಸೆ ಕೊಡುತ್ತಿದ್ದಾರೆ ಅನ್ನಿಸಿದರೆ ಅಲ್ಲಿಗೆ ನೀವು ಕಥೆಯ ಮೇಷ್ಟ್ರಲ್ಲ. ವಾಕ್ಯ ತಿದ್ದುತ್ತಾ ಕೂರಬೇಡಿ. ಮಗುವಿನ ಜೊತೆ ನೀವೊಬ್ಬರೇ ಕೂತು ಮಾತಾಡಿ, ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416.

ಪಿರಮಿಡ್ ಚಿತ್ರ ಬರೆದು ಆರಂಭ, ಏರಿಕೆ, ಶಿಖರ, ಇಳಿಕೆ ಅಂತ ತೋರಿಸುತ್ತಾರಲ್ಲ, ಅದು ಬೇಕೇ?

ಆ ಚಿತ್ರ ಜರ್ಮನಿಯ ಲೇಖಕ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಐದು ಅಂಕದ ನಾಟಕಗಳನ್ನು ನೋಡಿ ಹೇಳಿದ್ದು. ಅದರಲ್ಲಿ ಶಿಖರ ನಡುಮಧ್ಯದಲ್ಲಿದೆ. ಎರಡು ಪುಟದ ಕಥೆಗೆ ಅದನ್ನೇ ಅಚ್ಚೊತ್ತಿದರೆ ಅರ್ಧ ಕಥೆ ಇಳಿಜಾರಿನಲ್ಲೇ ಹೋಗುತ್ತದೆ. ನಮ್ಮ ನಾಟಕಶಾಸ್ತ್ರದ ಐದು ಸಂಧಿಗಳಲ್ಲಿ, ಅಂದರೆ ಕಥೆಯ ಘಟ್ಟಗಳಲ್ಲಿ (ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ) ನಾಲ್ಕನೆಯದು ನಮಗೆ ಹತ್ತಿರ. ಕೈಗೆ ಬಂತು ಅನ್ನುವಾಗ ತಪ್ಪಿಹೋಗುವ ತೂಗಾಟ ಅದು. ಆದರೂ ಚಿತ್ರವನ್ನು ಕಥೆ ಬರೆದಾದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಮಕ್ಕಳು ಖಾಲಿ ಜಾಗ ತುಂಬುತ್ತಾರೆ.

ಕ್ಲೈಮ್ಯಾಕ್ಸ್ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಉದ್ದ ಮಾಡಿಸುವುದು ಹೇಗೆ?

ಗಡಿಯಾರ ಇಟ್ಟುಕೊಳ್ಳಿ. "ಮೂರು ತಿಂಗಳು ಕಳೆಯಿತು" ಓದಲು ಎರಡು ಸೆಕೆಂಡು. ಕಥೆಯ ಉಳಿದ ಭಾಗದಲ್ಲಿ ಅದು ಸರಿ. ಕ್ಲೈಮ್ಯಾಕ್ಸಿನಲ್ಲಿ ಮಾತ್ರ ಓದಲು ಹಿಡಿಯುವ ಹೊತ್ತು, ಘಟನೆ ನಡೆಯಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದಾಗಬೇಕು. ಇಬ್ಬರು ಮಕ್ಕಳು ತೂಕದ ದೃಶ್ಯವನ್ನು ಅಭಿನಯಿಸಲಿ, ಮೂರನೆಯವನು ಬರೆದದ್ದನ್ನು ಜೋರಾಗಿ ಓದಲಿ. ಓದು ಮೊದಲೇ ಮುಗಿದರೆ ಎಲ್ಲಿ ಹಾರಿಸಿದ್ದಾನೆ ಅನ್ನುವುದು ಅವನಿಗೇ ಗೊತ್ತಾಗುತ್ತದೆ. ವಿಶೇಷಣ ಸೇರಿಸಿ ಉದ್ದ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಅದಾದ ಮೇಲೆ ಎಷ್ಟು ಬರೆಯಬೇಕು?

ಕಡಿಮೆ. ಇನ್ನೊಂದು ಕ್ರಿಯೆ, ಅಷ್ಟೆ. ರೈಟರ್ ಚೀಲವನ್ನು ಮತ್ತೆ ಕೊಕ್ಕೆಗೆ ಹಾಕುತ್ತಾರೆ, ಬೀಸುತ್ತಿದ್ದ ಪ್ರೀತಿಯ ಕೈ ಕೆಳಗಿಳಿಯುತ್ತದೆ. ಲತಾಳ ಅಮ್ಮ ಕೆಲಸ ಉಳಿಸಿಕೊಂಡಳೇ, ಪ್ರೀತಿ ಮರುದಿನ ಬಸ್ಸಿನಲ್ಲಿ ಸೀಟು ಹಿಡಿದಿದ್ದಳೇ ಅನ್ನುವುದನ್ನು ಬರೆದೇ ತೀರುತ್ತೇನೆ ಅನ್ನುವ ಮಕ್ಕಳಿರುತ್ತಾರೆ, ಬರೆಯಲಿ. "ಈ ಕಥೆಯ ನೀತಿ" ಅನ್ನುವ ಸಾಲನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆಯಿರಿ.

ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಇದೆಲ್ಲ ಆಗುತ್ತದೆಯೇ?

ಒಂದರಲ್ಲಿ ಆಗುವುದಿಲ್ಲ. ಒಂದು ಪೀರಿಯಡ್ ಪುಣ್ಯಕೋಟಿಗೆ, ಒಂದು ನಾಲ್ಕು ಪ್ರಶ್ನೆಗೆ, ಒಂದು ಕ್ಲೈಮ್ಯಾಕ್ಸಿನ ಒಂದೇ ಪ್ಯಾರಾ ಬರೆಯಲು. ಪೂರ್ತಿ ಕಥೆ ಮನೆಯಲ್ಲಿ. ಜುಲೈನಲ್ಲಿ ಹಚ್ಚಿಕೊಂಡರೆ ಮಳೆ ರಜೆಗಳ ನಡುವೆ ಎಳೆ ತಪ್ಪುತ್ತದೆ, ದಸರಾ ರಜೆ ಕಳೆದ ಮೇಲೆ ಶುರು ಮಾಡುವುದು ಒಳ್ಳೆಯದು.

ಅಂಕ ಹೇಗೆ ಕೊಡುವುದು?

ಅತ್ತದ್ದಕ್ಕೆ ಕೊಡಬೇಡಿ. ಒಟ್ಟು ಅಂಕದಲ್ಲಿ ಅರ್ಧದಷ್ಟನ್ನು ಮೂರನೇ ಪ್ರಶ್ನೆಯ ಉತ್ತರಕ್ಕೆ ಇಡಿ. ಕಾಗುಣಿತದ ತಪ್ಪಿಗೆ ಗುರುತು ಹಾಕಿ, ಅಂಕ ಕಳೆಯಬೇಡಿ.

ಕೊಡಗಿನವರೇ ಆದ ಕಥೆಗಾರರನ್ನು ಪರಿಚಯಿಸಬೇಕೆಂದಿದ್ದೇನೆ.

ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದರು. ವಿಧವೆಯರ, ಗಂಡನ ಮನೆಯಲ್ಲಿ ಬೆಂದ ಹೆಣ್ಣುಮಕ್ಕಳ ಕಥೆಗಳನ್ನು ದನಿ ಏರಿಸದೆ ಬರೆದವರು. ಅವರ ಕಥೆಯ ಜೊತೆ ಅವರ ಬದುಕಿನ ಒಂದು ಪ್ರಸಂಗವನ್ನೂ ಅಭ್ಯಾಸಕ್ಕೆ ಕೊಡಬಹುದು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಇದನ್ನು ಕಥೆ ಮಾಡಿದರೆ ಕ್ಲೈಮ್ಯಾಕ್ಸ್ ಎಲ್ಲಿ? ಉಪವಾಸದಲ್ಲೇ, ಗಾಂಧೀಜಿ ಹೊಸ್ತಿಲು ದಾಟಿದಾಗಲೇ, ಒಡವೆ ಬಿಚ್ಚುವ ಕೈಯಲ್ಲೇ? ಒಡವೆ ಅಂತ ಬರೆದವರು ಎರಡನೇ ಪ್ರಶ್ನೆಗೂ ಉತ್ತರ ಹುಡುಕಬೇಕಾಗುತ್ತದೆ. ಮನಸ್ಸಿಟ್ಟು ಕೊಡುವವಳಿಗೆ ಅಲ್ಲಿ ತಡೆ ಏನಿತ್ತು? ಮದುವೆಯ ಒಡವೆಯೇ, ಯಾರಾದರೂ ನೋಡುತ್ತಾ ನಿಂತಿದ್ದರೇ? ಅದು ಅವರು ಕಟ್ಟಿಕೊಳ್ಳಬೇಕಾದ ಭಾಗ, ಇತಿಹಾಸವಲ್ಲ ಅಂತಲೂ ಹೇಳಿಬಿಡಿ.

ಬರೆದದ್ದನ್ನು ತರಗತಿಯಲ್ಲಿ ಓದಿಸಬೇಕೇ? ಗಂಡುಹುಡುಗರು ನಗುತ್ತಾರೆ.

ಬರೆದವರ ಕೈಯಲ್ಲಿ ಓದಿಸಬೇಡಿ, ಹೆಸರು ಹೇಳದೆ ನೀವೇ ಓದಿ. ಯಾವುದನ್ನು ಓದಬಹುದು ಅಂತ ಮೊದಲೇ ಮಗುವನ್ನು ಕೇಳಿಕೊಂಡಿರಿ. ಕೇಳುವವರ ಕೈಯಲ್ಲಿ ಒಂದೊಂದು ಚೀಟಿ ಇರಲಿ, ಕಿವಿ ನಿಮಿರಿದ ಸಾಲನ್ನು ಬರೆದುಕೊಳ್ಳಲಿ. ನಗು ಬಂದರೆ ಗದರಬೇಡಿ, ನಗು ಬಂದ ಸಾಲನ್ನೂ ಬರೆದುಕೊಳ್ಳಲು ಹೇಳಿ. ಚೀಟಿ ತಿರುಗಿಸಿ ನೋಡಿದರೆ ಹೆಚ್ಚಿನವರು ನಕ್ಕಿರುವುದು ಹೃದಯ ಚೂರುಚೂರಾದ ಜಾಗದಲ್ಲೇ.